ಜಾಡಿಗೆ ಇಂಗಿನ ಹೊಗೆ

ಯುಗಾದಿಯ ಆಸುಪಾಸಿನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಗಾಂಧಿ ಬಜಾರಿಗೋ ಮಾವಿನ ಮಿಡಿ ಬಂದಿಳಿದರೆ, ತಿಳಿದವರು ಬೆಲೆ ಕೇಳುವ ಮೊದಲೇ ಒಂದು ಮಿಡಿಯ ತೊಟ್ಟು ಮುರಿದು ಸೊನೆಯ ವಾಸನೆ ನೋಡುತ್ತಾರೆ. ಜೀರಿಗೆಯ ಘಮ ಬಂದರೆ ಅರ್ಧ ವ್ಯಾಪಾರ ಕುದುರಿದ ಹಾಗೆ. ಮಿಕ್ಕರ್ಧ ಸಿಪ್ಪೆಗೆ ಪೆಟ್ಟು ಬಿದ್ದಿಲ್ಲವಷ್ಟೇ ಎಂಬುದರ ಮೇಲೆ. ಸಾಗರ, ಸಿರ್ಸಿ ಕಡೆ ಅಪ್ಪೆಮಿಡಿ ಕೊಯ್ಯುವ ನುರಿತವರು ಅದನ್ನು ನೆಲಕ್ಕೆ ಉದುರಿಸುವುದಿಲ್ಲ. ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಾರೆ. ಪೆಟ್ಟು ತಿಂದ ಒಂದು ಮಿಡಿ ಇಡೀ ಜಾಡಿಯನ್ನು ಕೆಡಿಸಬಲ್ಲದು.

ಉಪ್ಪಿನಕಾಯಿಯ ಖಾರ, ಹುಳಿಯ ಬಗ್ಗೆ ಮಾತಾಡುವವರು ಬಹಳ, ಜಾಡಿಯ ಬಗ್ಗೆ ಮಾತಾಡುವವರು ಕಡಿಮೆ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಮಾತ್ರ ಈ ಕೆಲಸ ಶುರುವಾಗುವುದೇ ಅಟ್ಟದಿಂದ ಜಾಡಿ ಇಳಿಸುವುದರಿಂದ. ಮೇಲೆ ಕಂದು, ಕೆಳಗೆ ಬಿಳಿ ಬಣ್ಣದ ಪಿಂಗಾಣಿ ಜಾಡಿ. ಮೊದಲು ಒಳಗೋಡೆಯ ಮೇಲೆ ಬೆರಳಾಡಿಸಿ ಬಿರುಕು ಹುಡುಕುತ್ತಾರೆ. ಆಮೇಲೆ ಸೀಗೆಪುಡಿ ಹಾಕಿ ಉಜ್ಜಿ, ಕುದಿನೀರಿನಲ್ಲಿ ಗಲಬರಿಸಿ, ತಾರಸಿಯ ಬಿಸಿಲಿಗೆ ಇಡುತ್ತಾರೆ.

ಇನ್ನು ಹೊಗೆ. ಚಿಪ್ಪಿನ ಕೆಂಡವೊಂದರ ಮೇಲೆ ಇಂಗಿನ ಚೂರು ಇಟ್ಟು ತೊಟ್ಟು ಎಣ್ಣೆ ಬಿಟ್ಟರೆ ಬಿಳಿ ಹೊಗೆ ಏಳುತ್ತದೆ. ಅದರ ಮೇಲೆ ಜಾಡಿಯನ್ನು ಬೋರಲು ಹಾಕುತ್ತಾರೆ. ಹೊಗೆ ಒಳಗೆಲ್ಲ ತುಂಬಿಕೊಂಡು ಅಂಚಿನಿಂದ ಸೋರತೊಡಗಿದಾಗ ಜಾಡಿ ಎತ್ತಿ, ತಟ್ಟನೆ ಬಾಯಿಗೆ ತಟ್ಟೆ ಮುಚ್ಚುತ್ತಾರೆ. ಕೊಳೆ ಹೋದ ಮೇಲೂ ಕಣ್ಣಿಗೆ ಕಾಣದ್ದೇನೋ ಉಳಿದಿರುತ್ತದೆ, ಅದಕ್ಕೆ ಇನ್ನೊಂದು ಉಪಚಾರ ಬೇಕು ಎಂಬ ತಿಳಿವಳಿಕೆ ಇದರಲ್ಲಿದೆ.

ಬಿಯರ್ ತಯಾರಿಕೆಯಲ್ಲೂ ಇದೇ ತಿಳಿವಳಿಕೆ ಇದೆ. ಬಿಯರ್ ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಸ್ಚರ್ 1876ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ. ಇವತ್ತಿಗೂ ಬಿಯರ್ ತಯಾರಿಸುವವರು ಪಾತ್ರೆಯ ಜಿಡ್ಡು ತೆಗೆಯುವುದನ್ನೂ ಸೂಕ್ಷ್ಮಜೀವಿ ಕೊಲ್ಲುವುದನ್ನೂ ಎರಡು ಬೇರೆ ಕೆಲಸಗಳಾಗಿಯೇ ಮಾಡುತ್ತಾರೆ. ಜಿಡ್ಡು ಉಳಿದರೆ ಔಷಧ ಅದರ ಅಡಿಗೆ ತಲುಪುವುದಿಲ್ಲ. ಲೈಸೆನ್ಸ್ ಇಲ್ಲದೆ ಬಿಯರ್ ಮಾಡಲು ಕರ್ನಾಟಕದ ಅಬಕಾರಿ ಕಾಯ್ದೆ ಬಿಡದು. ಆದರೆ ಅದೇ ವಿದ್ಯೆಯ ಇನ್ನೊಂದು ಕವಲು ಈ ಅಡುಗೆಮನೆಗಳಲ್ಲಿ ನಡೆದುಕೊಂಡೇ ಬಂದಿದೆ.

ಹೊಗೆ ಹಿಡಿದ ಜಾಡಿಗೆ ಇನ್ನು ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಉಪ್ಪು ಮಿಡಿಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ ಮುದುಡಿ, ತನ್ನದೇ ನೀರಿನಲ್ಲಿ ಮುಳುಗುತ್ತದೆ. ಅಷ್ಟು ಗಾಢವಾದ ಉಪ್ಪುನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬಾಳುವುದು ಕಷ್ಟ. ಬೂಷ್ಟಿಗೆ ಮಾತ್ರ ಗಾಳಿ ಬೇಕು, ಅದಕ್ಕೇ ಅದು ನೀರಿನ ಮೇಲೆ ತಲೆಯೆತ್ತಿದ ಮಿಡಿಯನ್ನೇ ಹುಡುಕುತ್ತದೆ. ಮಿಡಿ ತೇಲದಂತೆ ತಟ್ಟೆಯಿಟ್ಟು ಮೇಲೊಂದು ತೊಳೆದ ಕಲ್ಲು ಹೇರುವುದು ಈ ಕಾರಣಕ್ಕೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ರುಬ್ಬಿದ ಸಾಸಿವೆ. ರುಬ್ಬುವಾಗ ಕಣ್ಣಲ್ಲಿ ನೀರು ತರಿಸುವ ಸಾಸಿವೆಯ ಘಾಟಿಗೆ ಬೂಷ್ಟನ್ನು ತಡೆಯುವ ಶಕ್ತಿಯೂ ಉಂಟು.

“ಕೈ ಒರೆಸ್ಕೊಂಡು ಬಾ ಮರಿ, ಒದ್ದೆ ಸೌಟು ಹಾಕ್ಬೇಡ” ಎಂಬ ಅಜ್ಜಿಯ ಎಚ್ಚರಿಕೆ ಅಕ್ಷರಶಃ ಸರಿ. ಹೊರಗಿನ ನೀರು ಬಿದ್ದಲ್ಲಿ ಉಪ್ಪು ತೆಳುವಾಗುತ್ತದೆ, ಬೂಷ್ಟು ಅಲ್ಲೇ ಹಿಡಿಯುತ್ತದೆ. ಮುಟ್ಟಾದ ಹೆಣ್ಣು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಅದನ್ನು ಕೈಬಿಡಲೇಬೇಕು. ಜಾಡಿ ಕೇಳುವುದು ಒಣಗಿದ, ಶುಚಿಯಾದ ಕೈಯನ್ನು ಮಾತ್ರ.

1898ರ ಪ್ಲೇಗಿನ ನಂತರ ಗಾಳಿ ಬೆಳಕಿಗೆ ಜಾಗ ಬಿಟ್ಟು ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಜಾಡಿ ಒಣಗಿಸುವ ತಾರಸಿಗೆ ಒಂದು ಕಾಲಕ್ಕೆ ಬರವಿರಲಿಲ್ಲ. ಈಗ ಎಷ್ಟೋ ಕಡೆ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬೀಳುವ ಎರಡು ಗಂಟೆಯ ಬಿಸಿಲೇ ಗತಿ. ಅಲ್ಲಿ ಚಿಕ್ಕ ಜಾಡಿಗಳೇ ಅನುಕೂಲ: ಬೇಗ ಒಣಗುತ್ತವೆ, ಬೇಗ ಖಾಲಿಯಾಗುತ್ತವೆ, ದೊಡ್ಡದನ್ನು ಪದೇ ಪದೇ ತೆರೆಯುವ ಪ್ರಮೇಯವೂ ಇಲ್ಲ.

ತಳದ ರಸ ಮೊಸರನ್ನಕ್ಕೆ ಹೋದ ದಿನವೇ ಜಾಡಿಯನ್ನು ನೀರಲ್ಲಿ ನೆನೆಹಾಕಬೇಕು. ಸಾಸಿವೆ ಒಣಗಿ ಹಿಡಿದುಕೊಂಡರೆ ನಾರಿನಲ್ಲಿ ತಿಕ್ಕಿದರೂ ಬಿಡುವುದಿಲ್ಲ. ಒಳಗಿನ ಹೊಳಪಿನ ಲೇಪ ಬಿರುಕು ಬಿಟ್ಟಿದ್ದರೆ ಆ ಸಂದಿಗೆ ಸೀಗೆಪುಡಿಯೂ ತಲುಪದು, ಹೊಗೆಯೂ ತಲುಪದು. ಅಂಥ ಜಾಡಿಯನ್ನು ಮಿಡಿಗೆ ಮತ್ತೆ ಬಳಸುವುದಿಲ್ಲ. ಕಲ್ಲುಪ್ಪು ತುಂಬಿ ಒಲೆಯ ಪಕ್ಕ ಇಡುತ್ತಾರೆ.