ಹೊಸ ಪ್ರೊಸೆಸರ್ ಮೇಲೆ ಹಳೆಯ ಸಲಕರಣೆ

ಒಂದು ಬಗೆಯ ಪ್ರೊಸೆಸರ್‌ಗಾಗಿ ಕಂಪೈಲ್ ಆದ ಪ್ರೋಗ್ರಾಂ ಇನ್ನೊಂದು ಬಗೆಯದರ ಮೇಲೆ ನೇರವಾಗಿ ಓಡುವುದಿಲ್ಲ. ಇಂಟೆಲ್ ಮತ್ತು ಎಎಮ್‌ಡಿ ಚಿಪ್‌ಗಳಿಗೆ ತಿಳಿಯುವ ಎಕ್ಸ್86 ಆದೇಶಗಳು ಬೇರೆ, ಆರ್ಮ್ ಚಿಪ್‌ಗೆ ತಿಳಿಯುವ ಆದೇಶಗಳು ಬೇರೆ. ಡೆವಲಪರ್ ಒಬ್ಬರ ಲ್ಯಾಪ್‌ಟಾಪಿನಲ್ಲಿ ಎಡಿಟರ್, ಕಂಪೈಲರ್, ಡೇಟಾಬೇಸ್, ಕಂಟೇನರ್ ಮತ್ತು ನೂರಾರು ಲೈಬ್ರರಿಗಳು ಒಂದನ್ನೊಂದು ನಂಬಿಕೊಂಡು ನಿಂತಿರುತ್ತವೆ. ಅಡಿಯ ಪ್ರೊಸೆಸರ್ ಬದಲಾದಾಗ ಈ ಇಡೀ ಏರ್ಪಾಡನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ತಾಳ್ಮೆ ಬೇಡುವ ಕೆಲಸ. ಆದರೆ ಕಂಪ್ಯೂಟರಿನ ಒಳಗನ್ನು ಇಷ್ಟು ಪದರ ಪದರವಾಗಿ ತೆರೆದು ತೋರಿಸುವ, ಕಲಿತಷ್ಟೂ ರುಚಿ ಹೆಚ್ಚಿಸುವ ಕೆಲಸಗಳು ವಿರಳ.

ಆರ್ಮ್ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ಏಕಾರ್ನ್ ಕಂಪ್ಯೂಟರ್ಸ್ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ವಿನ್ಯಾಸ ಆರಂಭಿಸಿದರು. ಮೊದಲ ಚಿಪ್ 1985ರ ಏಪ್ರಿಲ್ 26ರಂದು ಕೆಲಸ ಮಾಡಿತು. ಅದು ಎಷ್ಟು ವಿದ್ಯುತ್ ಎಳೆಯುತ್ತದೆಂದು ಅಳೆದಾಗ ಮೀಟರ್ ಸೊನ್ನೆ ತೋರಿಸಿತು. ಚಿಪ್‌ಗೆ ವಿದ್ಯುತ್ ಪೂರೈಕೆಯನ್ನೇ ಜೋಡಿಸಿರಲಿಲ್ಲ. ಸುತ್ತಲಿನ ಸರ್ಕ್ಯೂಟ್‌ಗಳಿಂದ ಸೋರಿ ಬಂದಷ್ಟರಲ್ಲೇ ಅದು ಓಡುತ್ತಿತ್ತು. ಈ ಮಿತವ್ಯಯವೇ ಆರ್ಮ್ ಅನ್ನು ಮೊಬೈಲ್ ಫೋನ್‌ಗಳಿಗೂ ಅಲ್ಲಿಂದ ಲ್ಯಾಪ್‌ಟಾಪ್‌ಗಳಿಗೂ ತಂದಿತು. ಆರ್ಮ್‌ಗಾಗಿ ಮೈಕ್ರೋಸಾಫ್ಟ್ 2012ರಲ್ಲಿ ತಂದ ವಿಂಡೋಸ್ ಆರ್‌ಟಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಂಗಳು ಓಡುತ್ತಿರಲಿಲ್ಲ. ಆ ಪ್ರಯತ್ನ ನೆಲೆಯೂರಲಿಲ್ಲ. 2020ರ ನವೆಂಬರಿನಲ್ಲಿ ಆಪಲ್‌ನ ಆರ್ಮ್ ಆಧಾರಿತ ಎಮ್1 ಚಿಪ್ ಬಂದಾಗ ಹಳೆಯ ತಂತ್ರಾಂಶವನ್ನು ಓಡಿಸುವ ವ್ಯವಸ್ಥೆಯೂ ಜೊತೆಯಲ್ಲೇ ಬಂತು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಕೂಡ ಗಂಭೀರ ಪ್ರೋಗ್ರಾಮಿಂಗ್‌ಗೆ ಒದಗಿತು.

ಆ ವ್ಯವಸ್ಥೆಯ ಹೆಸರು ರೊಸೆಟಾ 2. ವಾಕ್ಯ ವಾಕ್ಯಕ್ಕೂ ದುಭಾಷಿ ಎದ್ದು ನಿಲ್ಲುವ ಬದಲು ಇಡೀ ಭಾಷಣವನ್ನು ಮೊದಲೇ ಅನುವಾದಿಸಿಟ್ಟುಕೊಂಡಂತೆ ಇದರ ಕ್ರಮ. ಇಂಟೆಲ್ ಪ್ರೋಗ್ರಾಂ ಮೊದಲ ಸಲ ತೆರೆದಾಗ ಅದರ ಆದೇಶಗಳು ಆರ್ಮ್‌ಗೆ ಅನುವಾದಗೊಂಡು ಡಿಸ್ಕ್‌ನಲ್ಲಿ ಉಳಿಯುತ್ತವೆ. ಮುಂದಿನ ಸಲ ತಡವಾಗುವುದಿಲ್ಲ. ಓಡುತ್ತಿರುವಾಗಲೇ ಹೊಸ ಆದೇಶಗಳನ್ನು ಹುಟ್ಟಿಸುವ ಜಾವಾಸ್ಕ್ರಿಪ್ಟ್ ಎಂಜಿನ್‌ನಂಥವಕ್ಕೆ ಮಾತ್ರ ಅನುವಾದ ಆಗಿಂದಾಗಲೇ ನಡೆಯುತ್ತದೆ. ಇದರಲ್ಲಿ ಅತಿ ಸೊಗಸಾದ ಭಾಗ ಮೆಮೊರಿಗೆ ಸಂಬಂಧಿಸಿದ್ದು. ಒಂದು ಕೋರ್ ಮೆಮೊರಿಗೆ ಬರೆದದ್ದು ಉಳಿದ ಕೋರ್‌ಗಳಿಗೆ ಅದೇ ಕ್ರಮದಲ್ಲಿ ಕಾಣಬೇಕೆಂಬುದು ಎಕ್ಸ್86ರ ನಿಯಮ. ಆರ್ಮ್‌ನಲ್ಲಿ ಆ ಕ್ರಮ ಹಿಂದುಮುಂದಾಗಬಹುದು. ಇದನ್ನು ತಂತ್ರಾಂಶದಲ್ಲೇ ಸರಿದೂಗಿಸಲು ಹೋದರೆ ವೇಗ ಕುಸಿಯುತ್ತದೆ. ಹಾಗಾಗಿ ಎಕ್ಸ್86ರ ಕ್ರಮವನ್ನು ಪಾಲಿಸುವ ವಿಧಾನವೊಂದನ್ನು ಎಮ್1 ಚಿಪ್‌ನೊಳಗೇ ಇಡಲಾಯಿತು. ಹಳೆಯ ಪ್ರೋಗ್ರಾಂಗಾಗಿ ಹೊಸ ಚಿಪ್ ತಾನೇ ಬಗ್ಗಿದ ಈ ನಿದರ್ಶನ ಎಂಜಿನಿಯರಿಂಗ್‌ನ ಔದಾರ್ಯ. ವಿಂಡೋಸ್ ಜಗತ್ತಿನಲ್ಲಿ ಇದೇ ಕೆಲಸಕ್ಕೆ 2024ರಲ್ಲಿ ಆರ್ಮ್ ಬಗೆಯ ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್‌ಗಳೊಂದಿಗೆ ಪ್ರಿಸಂ ಎಂಬ ಎಮ್ಯುಲೇಟರ್ ಬಂತು.

ಅನುವಾದಕ್ಕೂ ಮಿತಿಗಳಿವೆ. ಒಂದು ಪ್ರೋಸೆಸ್‌ನೊಳಗೆ ಎರಡು ಬಗೆಯ ಆದೇಶಗಳನ್ನು ಬೆರೆಸಲು ರೊಸೆಟಾ ಬಿಡುವುದಿಲ್ಲ. ಇಂಟೆಲ್ ಪೈಥಾನ್ ಆರ್ಮ್ ಲೈಬ್ರರಿಯನ್ನು ಎತ್ತಿಕೊಳ್ಳಲಾರದು. ದೊಡ್ಡ ಗಣಿತಕ್ಕೆ ಬಳಸುವ ಎವಿಎಕ್ಸ್ ಆದೇಶಗಳಿಗೆ ಮೊದಲ ವರ್ಷಗಳಲ್ಲಿ ಬೆಂಬಲವಿರಲಿಲ್ಲ. ಅವನ್ನು ನೆಚ್ಚಿದ್ದ ಟೆನ್ಸರ್‌ಫ್ಲೋ ಬೈನರಿಗಳು ಶುರುವಾಗುತ್ತಲೇ ನಿಂತುಬಿಡುತ್ತಿದ್ದವು. ಇನ್ನೊಂದು ಸೂಕ್ಷ್ಮವಿದೆ. ಟರ್ಮಿನಲ್ ಅನ್ನು ರೊಸೆಟಾದಡಿ ತೆರೆದರೆ ಅದರಿಂದ ಹೊರಡುವ, ಎರಡೂ ಬಗೆಯ ಆದೇಶಗಳನ್ನು ಹೊತ್ತ ಪ್ರೋಗ್ರಾಂಗಳೂ ಇಂಟೆಲ್ ರೂಪದಲ್ಲೇ ಏಳುತ್ತವೆ. ಯಂತ್ರ ಯಾವುದೆಂದು ಕೇಳಿದರೆ ಅಲ್ಲಿ ‘ಎಕ್ಸ್86’ ಎಂಬ ಉತ್ತರವೇ ಬರುತ್ತದೆ. ಅರ್ಥವಾಗದ ಅನೇಕ ದೋಷಗಳ ಬೇರು ಇಲ್ಲಿರುತ್ತದೆ.

ಆದ್ದರಿಂದ ಮುಂದಿನ ಹೆಜ್ಜೆ ಸಲಕರಣೆಗಳನ್ನು ಆರ್ಮ್‌ಗಾಗಿಯೇ ಮತ್ತೆ ಕಟ್ಟುವುದು. ಇಲ್ಲಿ ಮುಕ್ತ ತಂತ್ರಾಂಶ ಸಮುದಾಯದ ಚುರುಕುತನ ಮೆಚ್ಚುವಂಥದ್ದು. ಮ್ಯಾಕ್‌ನ ಎಮ್1ಗೆ 2021ರ ಫೆಬ್ರವರಿಯಲ್ಲಿ ಪ್ಯಾಕೇಜ್ ಮ್ಯಾನೇಜರ್ ಹೋಮ್‌ಬ್ರೂ 3.0 ಮತ್ತು ಗೋ 1.16, ಏಪ್ರಿಲ್‌ನಲ್ಲಿ ನೋಡ್ 16, ಸೆಪ್ಟೆಂಬರ್‌ನಲ್ಲಿ ಜಾವಾ 17 ಬೆಂಬಲ ತಂದವು. ಹೋಮ್‌ಬ್ರೂ ಆರ್ಮ್ ಪ್ಯಾಕೇಜ್‌ಗಳಿಗೆ ಬೇರೆಯದೇ ಫೋಲ್ಡರ್ ಆರಿಸಿಕೊಂಡದ್ದು ಜಾಣ ನಿರ್ಧಾರ. ಹಳೆಯದೂ ಹೊಸದೂ ಕಲಬೆರಕೆಯಾಗದೆ ಒಂದೇ ಯಂತ್ರದಲ್ಲಿ ಬಾಳಬಹುದು. ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ ಭಾಷೆಗಳಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಬದಲಾವಣೆಯಿಲ್ಲದೆ ಓಡುತ್ತದೆ. ತೊಡಕು ಬರುವುದು ಅವುಗಳ ಒಳಗೆ ಅಡಗಿರುವ ಸಿ ಮತ್ತು ಸಿ++ ತುಣುಕುಗಳಲ್ಲಿ. ಆರ್ಮ್‌ಗೆ ಸಿದ್ಧ ಬೈನರಿ ಸಿಗದಿದ್ದರೆ ಸೋರ್ಸ್‌ನಿಂದಲೇ ಕಂಪೈಲ್ ಮಾಡಬೇಕಾಗುತ್ತದೆ.

ಹಾಗೆ ಕಂಪೈಲ್ ಮಾಡುವಾಗ, ಬರೆದವರು ಅರಿವಿಲ್ಲದೆ ನಂಬಿಕೊಂಡಿದ್ದ ಸಂಗತಿಗಳು ಒಂದೊಂದಾಗಿ ಹೊರಬರುತ್ತವೆ. ಇಂಟೆಲ್‌ನ ಎಸ್‌ಎಸ್‌ಇ ಆದೇಶಗಳನ್ನು ನೇರವಾಗಿ ಕರೆದ ಕೋಡ್ ಇದ್ದರೆ ಅದನ್ನು ಆರ್ಮ್‌ನ ನಿಯಾನ್ ಆದೇಶಗಳಿಗೆ ಹೊಂದಿಸಬೇಕು. ಮೆಮೊರಿಯ ಪುಟ ಯಾವಾಗಲೂ 4 ಕಿಲೋಬೈಟ್ ಎಂದು ಬರೆದ ಪ್ರೋಗ್ರಾಂ, 16 ಕಿಲೋಬೈಟ್ ಪುಟವಿರುವ ಎಮ್1ನಲ್ಲಿ ಎಡವುತ್ತದೆ. ಥ್ರೆಡ್‌ಗಳ ನಡುವೆ ಬೀಗ ಹಾಕಲು ಮರೆತ ಕೋಡ್ ಎಕ್ಸ್86ರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆರ್ಮ್‌ನಲ್ಲಿ ಸಿಕ್ಕಿಬೀಳಬಹುದು. ಇಂಥ ಒಂದೊಂದು ದೋಷವನ್ನು ತಿದ್ದಿದಾಗಲೂ ಪ್ರೋಗ್ರಾಂ ಎರಡೂ ಕಡೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಈ ಕಸುಬಿನ ನಿಜವಾದ ತೃಪ್ತಿ ಇರುವುದು ಅಲ್ಲಿ.

ಕಂಟೇನರ್‌ಗಳದು ಪ್ರತ್ಯೇಕ ಅಧ್ಯಾಯ. ಮ್ಯಾಕ್‌ನಲ್ಲಿ ಕಂಟೇನರ್ ಓಡಿಸುವ ಡಾಕರ್ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಯಂತ್ರದೊಳಗೆ ಕೆಲಸ ಮಾಡುತ್ತದೆ. ಆರ್ಮ್ ಲ್ಯಾಪ್‌ಟಾಪಿನಲ್ಲಿ ಆ ಲಿನಕ್ಸ್ ಕೂಡ ಆರ್ಮ್‌ನದೇ. ಒಂದೇ ಹೆಸರಿನ ಇಮೇಜ್ ಎರಡೂ ಬಗೆಯ ಬೈನರಿಗಳನ್ನು ಹೊಂದಿದ್ದರೆ ಸರಿಯಾದದ್ದು ತಾನಾಗಿ ಇಳಿಯುತ್ತದೆ. ಮೈಎಸ್‌ಕ್ಯೂಎಲ್ 5.7ರ ಅಧಿಕೃತ ಇಮೇಜ್‌ನಂತೆ ಇಂಟೆಲ್ ರೂಪ ಮಾತ್ರ ಇರುವಲ್ಲಿ ಕ್ಯೂಇಎಮ್‌ಯು ಎಮ್ಯುಲೇಟರ್ ಮೂಲಕ ನಿಧಾನವಾಗಿ ಓಡಿಸಬೇಕು, ಇಲ್ಲವೇ ಆರ್ಮ್ ರೂಪವಿರುವ 8ನೇ ಆವೃತ್ತಿಗೆ ಏರಬೇಕು. 2022ರಲ್ಲಿ ಬಂದ ಮ್ಯಾಕ್ ಓಎಸ್ ವೆಂಚುರಾದಿಂದ ಲಿನಕ್ಸ್ ವರ್ಚುವಲ್ ಯಂತ್ರದೊಳಗೂ ರೊಸೆಟಾ ಬಳಸಬಹುದಾದ್ದರಿಂದ ಈ ಕಾಯುವಿಕೆ ತಗ್ಗಿದೆ. ಸರ್ವರ್ ಎಕ್ಸ್86 ಆಗಿದ್ದರೆ ಇಮೇಜ್ ಕಟ್ಟುವಾಗಲೇ ಅದನ್ನು ಸ್ಪಷ್ಟವಾಗಿ ಹೇಳಬೇಕು. 2018ರಿಂದ ಅಮೆಜಾನ್‌ನ ಗ್ರಾವಿಟಾನ್‌ನಂಥ ಆರ್ಮ್ ಸರ್ವರ್‌ಗಳೂ ಬಾಡಿಗೆಗೆ ಸಿಗುತ್ತಿವೆ. ಲ್ಯಾಪ್‌ಟಾಪ್ ಮತ್ತು ಸರ್ವರ್ ಎರಡಕ್ಕೂ ಒಂದೇ ಕಂಟೇನರ್ ಇಮೇಜ್ ಸಾಕಾಗುವ ಅನುಕೂಲ ಅದರಿಂದ ದೊರೆತಿದೆ.

ರೊಸೆಟಾ ಸದಾಕಾಲ ಇರುವುದಿಲ್ಲ. ಅದರ ಪೂರ್ಣ ರೂಪ ಮ್ಯಾಕ್ ಓಎಸ್ 27ರವರೆಗೆ ಮಾತ್ರ ಎಂದು ಆಪಲ್ 2025ರಲ್ಲಿ ಪ್ರಕಟಿಸಿದೆ. ಅನುವಾದ ಒದಗಿಸುವುದು ಕಾಲಾವಕಾಶವನ್ನು. ಆ ಅವಕಾಶದಲ್ಲಿ ಮರುಕಟ್ಟುವ ಕೆಲಸ ಮುಗಿಯಬೇಕು. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್‌ನ ‘ಕೈಂಡ್’ ಕಾಲಂನಲ್ಲಿ ಇನ್ನೂ ‘ಇಂಟೆಲ್’ ಎಂದು ತೋರುವ ಪ್ರೋಗ್ರಾಂಗಳ ಪಟ್ಟಿ ಮಾಡಿಕೊಂಡು, ದಿನನಿತ್ಯ ಬಳಸುವವುಗಳಿಂದಲೇ ಬದಲಾವಣೆ ಆರಂಭಿಸುವುದು ಪ್ರತಿಯೊಬ್ಬ ಡೆವಲಪರ್‌ಗೂ ಒಳ್ಳೆಯದು.