ಅಂಕಿಯ ಕೆಳಗಿನ ಸಣ್ಣಕ್ಷರ

ಕರಪತ್ರವನ್ನು ಯಾರೂ ಓದಬೇಕೆಂದು ಕೈಗೆತ್ತಿಕೊಳ್ಳುವುದಿಲ್ಲ. ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಜಾರಿ ಬೀಳುತ್ತದೆ, ಇಲ್ಲವೇ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಬ್ಬ ಕೈಗೆ ತುರುಕುತ್ತಾನೆ. ಆ ಕ್ಷಣಕ್ಕೆ ಕಣ್ಣು ಎಲ್ಲಾದರೂ ನಿಂತರೆ ಉಂಟು, ಇಲ್ಲದಿದ್ದರೆ ಕಸ. ಹಾಗಾಗಿ ಡಿಸೈನ್ ಮಾಡಿಸಲು ಬರುವ ಸಣ್ಣ ಅಂಗಡಿಯವರಿಗೆ ನಾನು ಹೇಳುವುದಿಷ್ಟು: ದೊಡ್ಡದಾಗಿರುವುದು ಒಂದೇ ಮಾತಾಗಿರಲಿ. ಅಂಗಡಿಯ ಹೆಸರಿಗಿಂತ ಗಿರಾಕಿಗೆ ಏನು ಸಿಗುತ್ತದೆ ಎಂಬುದು ಮೇಲಿರಲಿ. ಕ್ರಾಸ್ ನಂಬರಿಗಿಂತ ‘ಗಣಪತಿ ಗುಡಿ ಎದುರು’ ಎಂದರೆ ಜನಕ್ಕೆ ದಾರಿ ಸಿಗುತ್ತದೆ. ಫೋನ್ ನಂಬರು ಕನ್ನಡಕವಿಲ್ಲದೆ ಕಾಣಬೇಕು. ಈ ಮಾತುಗಳನ್ನು ಈಗಲೂ ನಂಬುತ್ತೇನೆ. ಆದರೆ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ತಿಳಿದವನಿಗೆ ಎಲ್ಲಿ ನಿಲ್ಲುವುದಿಲ್ಲ ಎಂಬುದೂ ತಿಳಿದಿರುತ್ತದೆ. ನನ್ನನ್ನು ಕಾಡುವುದು ಅದು.

ದೀಪಾವಳಿಗೆ ಮುಂಚೆ ಸಣ್ಣ ಸೀರೆ ಅಂಗಡಿಯೊಂದಕ್ಕೆ ಹಾಳೆ ಮಾಡಿಕೊಟ್ಟೆ. ಎ5 ಸೈಜು, ಫೋರ್ ಕಲರ್, 90 ಜಿಎಸ್‌ಎಂ ಆರ್ಟ್ ಪೇಪರ್. ಮ್ಯಾಟರನ್ನು ಯಜಮಾನರೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತಂದಿದ್ದರು: ಸೀರೆಗಳ ಮೇಲೆ ಶೇ. 10ರಿಂದ 50ರವರೆಗೆ ರಿಯಾಯಿತಿ. ಒಂದೇ ಸಾಲು, ಎಲ್ಲ ಅಕ್ಷರವೂ ಒಂದೇ ಗಾತ್ರ.

ನಾನು ‘10ರಿಂದ’ ತೆಗೆದುಹಾಕಿದೆ. ಜಾಗ ಸಾಲದು ಎಂದೆ. ಜಾಗವಿತ್ತು. ‘50’ ಅನ್ನು 120 ಪಾಯಿಂಟಿಗೆ ಏರಿಸಿದೆ, ಅಂದರೆ ಸುಮಾರು ನಾಲ್ಕು ಸೆಂಟಿಮೀಟರ್. ‘ರವರೆಗೆ’ ಎಂಬುದು 10 ಪಾಯಿಂಟಿನಲ್ಲಿ ಸೊನ್ನೆಯ ಬುಡಕ್ಕೆ ಹೋಯಿತು. ಅಡಿಯಲ್ಲಿ ಕೆಂಪು ಪಟ್ಟಿ, ಅದರೊಳಗೆ ಬಿಳಿ ಬಣ್ಣದ 6 ಪಾಯಿಂಟಿನಲ್ಲಿ ‘ಷರತ್ತುಗಳು ಅನ್ವಯ’. ಕೆಂಪು ಬರುವುದು ಮೆಜೆಂಟಾ ಮತ್ತು ಹಳದಿ ಎರಡು ಪ್ಲೇಟ್ ಸೇರಿ. ಒಂದು ಕೂದಲೆಳೆಯಷ್ಟು ಸರಿದರೂ ಅಷ್ಟು ಸಣ್ಣ ಬಿಳಿ ಅಕ್ಷರಕ್ಕೆ ಶಾಯಿ ತುಂಬಿಕೊಳ್ಳುತ್ತದೆ, ಮೊದಲು ಮುಚ್ಚಿಹೋಗುವುದು ಒತ್ತಕ್ಷರ. ಇದು ಡಿಟಿಪಿ ಕೆಲಸಕ್ಕೆ ಕೂತ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು.

ಬಾಕಿ ಹಣ ತರಲು ಹೋದಾಗ ಅಂಗಡಿ ತುಂಬಿತ್ತು. ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ನಾಲ್ಕು ಮಡಿಕೆ ಮಾಡಿದ್ದ ಹಾಳೆಯನ್ನು ಕೌಂಟರಿನ ಮೇಲೆ ಬಿಚ್ಚಿ, ಅಂಕಿಯ ಮೇಲೆ ಬೆರಳಿಟ್ಟು, ಕೈಯಲ್ಲಿದ್ದ ಸೀರೆಗೆ ಅರ್ಧ ರೇಟು ತಾನೇ ಎಂದು ಕೇಳುತ್ತಿದ್ದರು. ಸೇಲ್ಸ್ ಹುಡುಗ, “ಇದಕ್ಕೆ ಹತ್ತು ಪರ್ಸೆಂಟು ಅಮ್ಮಾ, ಐವತ್ತಿಂದು ಆ ಮೂಲೇಲಿದೆ” ಎಂದ. ಅವರು ಜಗಳವಾಡಲಿಲ್ಲ. ಮೂಲೆಯ ರಾಶಿಯನ್ನು ನೋಡಿದರು, ಹಾಳೆಯನ್ನು ಇನ್ನೊಮ್ಮೆ ನೋಡಿದರು, ಬಸ್‌ಚಾರ್ಜು ಕೊಟ್ಟು ಬಂದಾಗಿದೆಯಲ್ಲ ಎಂದು ಅದೇ ಸೀರೆ ತೆಗೆದುಕೊಂಡರು. “ಹಾಳೆ ಚೆನ್ನಾಗಿ ಕೆಲಸ ಮಾಡ್ತು ಸರ್” ಎಂದರು ಯಜಮಾನರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡಲಾರೆ. ಆ ಹೆಂಗಸನ್ನು ನೋಡಿದ ಮೇಲೂ ಖುಷಿಯಾಯಿತು.

ಆಮೇಲೆ ಸಮಾಧಾನ ಹುಡುಕಿದೆ. ಎಲ್ಲರೂ ಹೀಗೇ ಮಾಡುತ್ತಾರೆ. ಆನ್‌ಲೈನ್ ಮಾರಾಟದ ಎದುರು, ದೊಡ್ಡ ಶೋರೂಮುಗಳ ಎದುರು ಬಾಡಿಗೆ ಮಳಿಗೆಯವರು ಬದುಕಬೇಡವೇ? ಈ ಪ್ರಶ್ನೆ ಸುಳ್ಳಲ್ಲ. ಹಬ್ಬದ ವ್ಯಾಪಾರ ಕೈಕೊಟ್ಟರೆ ಅವರಿಗೆ ಎಷ್ಟು ಕಷ್ಟ ಎಂದು ಹತ್ತಿರದಿಂದ ಬಲ್ಲೆ. ಆದರೆ ಅವರ ಕಷ್ಟವನ್ನು ನನಗೆ ಬೇಕಾದಾಗ ಮುಂದಿಟ್ಟುಕೊಳ್ಳುತ್ತಿದ್ದೇನೆಯೇ? ಯಜಮಾನರು ಸಣ್ಣಕ್ಷರ ಕೇಳಿರಲಿಲ್ಲ. ಅವರ ಕೈಬರಹದಲ್ಲಿ ಮೋಸವಿರಲಿಲ್ಲ. ಅದನ್ನು ಸೇರಿಸಿದ್ದು ನನ್ನ ಕಸುಬು. ದುಡ್ಡಿಗಾಗಿಯೂ ಅಲ್ಲ, ಹೇಗೆ ಮಾಡಿದ್ದರೂ ಕೂಲಿ ಅಷ್ಟೇ ಸಿಗುತ್ತಿತ್ತು. ಜನ ಬರಬೇಕು, ಬಂದದ್ದು ನನ್ನ ಹಾಳೆಯಿಂದ ಅನಿಸಬೇಕು, ಮುಂದಿನ ಹಬ್ಬಕ್ಕೂ ನನ್ನನ್ನೇ ಹುಡುಕಿಕೊಂಡು ಬರಬೇಕು. ಆಸೆ ಇದ್ದದ್ದು ಇಷ್ಟು. ಇದರಲ್ಲಿ ಅಂಗಡಿಯ ಹಿತ ಎಷ್ಟು, ನನ್ನ ಹೆಮ್ಮೆ ಎಷ್ಟು ಎಂದು ಬೇರ್ಪಡಿಸಲು ಹೋದರೆ ಪ್ರತಿ ಸಲವೂ ಹೆಮ್ಮೆಯ ಪಾಲೇ ಹೆಚ್ಚು ಕಾಣುತ್ತದೆ.

ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಷರತ್ತಿನ ಮಾತು ಜಾಹೀರಾತಿನ ಮುಖ್ಯ ಮಾತಿನ ಭಾಷೆಯಲ್ಲೇ, ಅದೇ ಫಾಂಟಿನಲ್ಲೇ ಇರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು ಎನ್ನುತ್ತದೆ ಅದು. ಜಾಹೀರಾತು ಎಂದರೆ ಟಿವಿ, ಪತ್ರಿಕೆ ಮಾತ್ರವಲ್ಲ, ಅಚ್ಚಾದ ಸಣ್ಣ ನೋಟಿಸು ಕೂಡ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಇದನ್ನು ಓದಿದಾಗ ನನ್ನ ಮನಸ್ಸು ಮೊದಲು ಹೋದದ್ದು ಬೇರೆ ಕಡೆಗೆ: ನಮ್ಮೂರಿನ ಹಾಳೆಯನ್ನು ಯಾರು ನೋಡುತ್ತಾರೆ? ಆ ಹೆಂಗಸು ನೋಡಿದ್ದರು ಎಂಬುದು ನೆನಪಾದದ್ದು ಆಮೇಲೆ.

ಈಗ ಮ್ಯಾಟರ್ ಬಂದಾಗ ‘ಇಂತಿಷ್ಟರಿಂದ ಇಂತಿಷ್ಟರವರೆಗೆ’ ಎಂದೇ ಹಾಕೋಣವೇ ಎಂದು ಕೇಳುತ್ತೇನೆ. ಕೆಲವರು ಹೂಂ ಎನ್ನುತ್ತಾರೆ. ಹಲವರು “ದೊಡ್ಡದು ಒಂದೇ ಇರ್ಲಿ ಅಂತ ನೀವೇ ಹೇಳಿದ್ರಲ್ಲ” ಎಂದು ನನ್ನ ಪಾಠವನ್ನೇ ಒಪ್ಪಿಸುತ್ತಾರೆ, ನಾನು ಹೆಚ್ಚು ವಾದಿಸುವುದಿಲ್ಲ. ಕೆಂಪು ಪಟ್ಟಿಯೊಳಗೆ ಬಿಳಿ ಸಣ್ಣಕ್ಷರ ಕೂರಿಸುವುದನ್ನು ಬಿಟ್ಟಿದ್ದೇನೆ. ಷರತ್ತನ್ನು ಬಿಳಿ ಜಾಗದಲ್ಲಿ, ಕಪ್ಪಿನಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಹಾಕುತ್ತೇನೆ. ‘ರವರೆಗೆ’ ಮಾತ್ರ ಈಗಲೂ ಅಂಕಿಯ ಅರ್ಧದಷ್ಟೇ ಇದೆ. ಅದನ್ನು ಸಮ ಮಾಡಿದ ಹಾಳೆ ಇನ್ನೂ ನನ್ನ ಕೈಯಿಂದ ಪ್ರೆಸ್ಸಿಗೆ ಹೋಗಿಲ್ಲ.