ಹನಿಫಾರುವಿಗೆ ಹೊರಡುವ ಮುನ್ನ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಸಂಜೆ ಬಂದಿಳಿದ ಪ್ರವಾಸಿಯ ಕಿಸೆಯಲ್ಲಿ ಎಷ್ಟೇ ಡಾಲರ್ ಇರಲಿ, ಅಂದು ಆತನಿಗೆ ಸೀಪ್ಲೇನ್ ಸಿಗುವುದಿಲ್ಲ. ನೀರಿನ ಮೇಲೆ ಇಳಿಯುವ ಈ ಪುಟ್ಟ ವಿಮಾನಗಳು ಹಾರುವುದು ಹಗಲಿನಲ್ಲಿ ಮಾತ್ರ. ದಿನಕ್ಕೆ ಸಾವಿರ ಡಾಲರ್ ಬಾಡಿಗೆ ತೆತ್ತ ಕುಟೀರ ದೂರದ ದ್ವೀಪದಲ್ಲಿ ಖಾಲಿ ಇರುತ್ತದೆ. ಬಾಡಿಗೆ ಕೊಟ್ಟವರು ಮಾಲೆಯ ಹೋಟೆಲಿನಲ್ಲಿ ಮಲಗಿರುತ್ತಾರೆ. ಆದ್ದರಿಂದ ಕುಟೀರದ ಚಿತ್ರ ನೋಡಿ ಮರುಳಾಗುವ ಮೊದಲು ವಿಮಾನದ ವೇಳೆ ನೋಡುವುದು ಜಾಣತನ.

ಇಲ್ಲಿಯ ಸುಮಾರು 1,200 ದ್ವೀಪಗಳು ಬಳೆಯಾಕಾರದ ಹವಳದ ದಿಬ್ಬಗಳ ಮೇಲೆ ಕುಳಿತಿವೆ. ಭೂಗೋಳ ಪುಸ್ತಕದ ‘ಅಟಾಲ್’ ಎಂಬ ಪದವೇ ಇಲ್ಲಿಯ ದಿವೇಹಿ ಭಾಷೆಯ ಕೊಡುಗೆ. ಅವುಗಳಲ್ಲಿ ಬಾ ಅಟಾಲ್ 2011ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವಾಯಿತು. ಅಲ್ಲಿಯ ಹನಿಫಾರು ಕೊಲ್ಲಿ ಆಲಿಕೆಯಂತಿದೆ. ನೈರುತ್ಯ ಮಾರುತದ ತಿಂಗಳುಗಳಲ್ಲಿ, ಅದರಲ್ಲೂ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ಹೊತ್ತಿಗೆ, ಸೂಕ್ಷ್ಮ ಜೀವಿಗಳ ರಾಶಿ ಅದರೊಳಗೆ ಬಂದು ಸಿಕ್ಕಿಕೊಳ್ಳುತ್ತದೆ. ಅದನ್ನು ಮೇಯಲು ತೊರಕೆಯ ಬಳಗದ ದೈತ್ಯ ಮಂಟಾ ಮೀನುಗಳು ಹಿಂಡುಹಿಂಡಾಗಿ ಸೇರುತ್ತವೆ. ಬಿಸಿಲು ಚೆನ್ನಾಗಿರುತ್ತದೆಂದು ಜನವರಿಯಲ್ಲಿ ಹೋದವರಿಗೆ ಬಿಸಿಲೇನೋ ಸಿಕ್ಕೀತು, ಈ ಜಾತ್ರೆ ಸಿಗದು. ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತದೆ: ಹನಿಫಾರುವಿನೊಳಗೆ ಸ್ಕೂಬಾ ನಿಷಿದ್ಧ. ಮುಖವಾಡ, ಉಸಿರುಕೊಳವೆ ಧರಿಸಿ ಮೇಲೆ ತೇಲುತ್ತಲೇ ನೋಡಬೇಕು.

ಸಿಲಿಂಡರ್ ಬೆನ್ನಿಗೇರುವುದು ಹೊರಗಿನ ದಿಬ್ಬಗಳಲ್ಲಿ. ಹತ್ತು ವರ್ಷ ತುಂಬಿದ ಮಕ್ಕಳಿಗೂ ತರಬೇತಿ ಕೊಡುತ್ತಾರೆ. ಆದರೆ ಆ ವಯಸ್ಸಿನವರಿಗೆ 12 ಮೀಟರ್ ಆಳವೇ ಗಡಿ. ಉಬ್ಬಸ, ಹೃದ್ರೋಗ, ಕಿವಿಯ ತೊಂದರೆ ಇದ್ದವರು ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ಹಣ ಕಟ್ಟಿದ್ದಾಯಿತಲ್ಲ ಎಂದು ತಂದೆತಾಯಿ ‘ಇಲ್ಲ’ ಎಂದು ಗುರುತು ಹಾಕಿಬಿಟ್ಟರೆ, ಅದರ ಫಲ ಉಣ್ಣುವುದು ಮಗುವಿನ ಪುಪ್ಪುಸ. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಹಿಡಿದಿಟ್ಟುಕೊಂಡು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ಹವಣಿಸುತ್ತದೆ. ಬಾಯ್ಲ್‌ನ ನಿಯಮವನ್ನು ಪರೀಕ್ಷೆಗೆಂದು ಉರುಹಚ್ಚಿದ ಹುಡುಗನಿಗೆ ಇಲ್ಲಿ ಅದರ ಅರ್ಥವಾಗುತ್ತದೆ. ನೀರಿನಡಿ ಉಸಿರು ಕಟ್ಟಬೇಡಿ ಎಂಬುದೇ ಶಿಕ್ಷಕರು ಕಲಿಸುವ ಮೊದಲ ಪಾಠ.

ಧೈರ್ಯ ಎಷ್ಟಿದೆಯೆಂದು ಮೊದಲು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೋಡಿಕೊಳ್ಳಬಹುದು. ಆದರೆ ಮಳೆಗಾಲದ ಕಡಲಿಗೆ ಅಲ್ಲಿ ದೋಣಿ ಇಳಿಯುವುದಿಲ್ಲ. ಬೇಸಿಗೆ ಮುಗಿಯುವುದರೊಳಗೆ ಆ ಕೆಲಸ ಆಗಬೇಕು.

ನೋಡಹೊರಟ ಹವಳಕ್ಕೂ ಕಷ್ಟದ ದಿನಗಳೇ. 1998ರಲ್ಲಿ ಕಡಲು ಕಾದು ಮಾಲ್ಡೀವ್ಸ್‌ನ ಆಳವಿಲ್ಲದೆಡೆಯ ಹವಳಗಳಲ್ಲಿ ಬಹುಪಾಲು ಬಿಳಚಿ ಸತ್ತವು. ಚೇತರಿಸಿಕೊಳ್ಳುತ್ತಿದ್ದಂತೆ 2016ರಲ್ಲಿ ಮತ್ತೆ ಅದೇ ಪೆಟ್ಟು. ಜಾಹೀರಾತಿನ ಬಣ್ಣಗಳೆಲ್ಲ ನೀರಿನಡಿ ಕಾಣಲಿಕ್ಕಿಲ್ಲ. ಒಂದು ಹವಳದ ಕವಲಿಗೆ ಈಜುಪಾದ ತಗುಲಿ ಮುರಿದರೆ ಅದು ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಬಹಳ ಮಂದಿ ಎಡವುವುದು ಕಡೆಯ ದಿನದ ಲೆಕ್ಕದಲ್ಲಿ. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತ, ಅಂಗಾಂಶಗಳಲ್ಲಿ ಕರಗಿರುತ್ತದೆ. ಒತ್ತಡ ಒಮ್ಮೆಗೇ ಇಳಿದರೆ ಬಿರಡೆ ತೆಗೆದ ಸೋಡಾದಂತೆ ಗುಳ್ಳೆಯೇಳುತ್ತದೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೂ ಅದು ಮುಟ್ಟಬಹುದು. ಅದಕ್ಕೆ ಚಿಕಿತ್ಸೆ ನೀಡುವ ಒತ್ತಡದ ಕೋಣೆ ಎಲ್ಲ ದ್ವೀಪಗಳಲ್ಲಿಲ್ಲ. ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೀಪ್ಲೇನ್ ಎನ್ನಿ. ಶನಿವಾರ ಮಧ್ಯಾಹ್ನ ಎರಡರೊಳಗೆ ಸಿಲಿಂಡರ್ ಕೆಳಗಿಟ್ಟಿರಬೇಕು. ಲೆಕ್ಕ ಹಾಕಬೇಕಾದದ್ದು ಬೆಂಗಳೂರಿನ ವಿಮಾನದಿಂದಲ್ಲ, ಈ ಮೊದಲ ಹಾರಾಟದಿಂದ.

ಉಳಿದ ಆ ಮಧ್ಯಾಹ್ನ ಉಬ್ಬರವಿದ್ದರೆ ಹನಿಫಾರುವಿನ ದೋಣಿಗೆ ಹೆಸರು ಬರೆಸಬಹುದು. ಅಲ್ಲಿಗೆ ಸಿಲಿಂಡರ್ ಹೇಗೂ ಬೇಕಿಲ್ಲ.